ಮಲಗಿದ ಹುಳುಗಳ ಕೆಳಗೆ ಎಂಟು ಹಾಳೆ

ನಮ್ಮ ಮನೆಯಲ್ಲಿ ಮನುಷ್ಯರಿಗೆ ಒಂದು ಕೋಣೆ, ಹುಳುಗಳಿಗೆ ಎರಡು. ದಿಬ್ಬೂರಹಳ್ಳಿಯಲ್ಲಿ ಆಗ ಇದೇನೂ ವಿಶೇಷವಲ್ಲ, ರೇಷ್ಮೆ ಸಾಕುವ ಮನೆಗಳೆಲ್ಲ ಹೀಗೆಯೇ ಇದ್ದವು. ಗಾಳಿ ಬೆಳಕು ಚೆನ್ನಾಗಿ ಬರುವ ಎರಡು ಕೋಣೆಗಳಲ್ಲಿ ಬಿದಿರಿನ ತಟ್ಟೆಗಳು ಅಟ್ಟಣೆಯ ಮೇಲೆ ಅಟ್ಟಣೆಯಾಗಿ ಸೂರಿನವರೆಗೆ ಕೂತಿರುತ್ತಿದ್ದವು. ಇರುವೆ ಹತ್ತಬಾರದೆಂದು ಅಟ್ಟಣೆಯ ಕಾಲುಗಳ ಕೆಳಗೆ ನೀರು ತುಂಬಿದ ಮಣ್ಣಿನ ಬಟ್ಟಲು. ಅಡುಗೆಮನೆಗೆ ಅಂಟಿಕೊಂಡ ಉಳಿದೊಂದು ಕೋಣೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಮತ್ತು ನಾನು. ಅಪ್ಪನ ತಾಯಿಯನ್ನು ನಾನು ಅವ್ವ ಎಂದು ಕರೆಯುತ್ತಿದ್ದೆ. ಅವಳ ತವರು ಆಂಧ್ರದ ಕಡೆಯದು. ಸಂತೋಷವಾದರೂ ಕೋಪ ಬಂದರೂ ಬಾಯಿಗೆ ಮೊದಲು ಬರುತ್ತಿದ್ದುದು ತೆಲುಗು. ಹುಳುವಿನ ಕೋಣೆಗೆ ಹೋಗುವ ಮೊದಲು ಕೈಕಾಲು ತೊಳೆಯಬೇಕು, ಹೊಸಿಲಲ್ಲಿ ಹರಡಿದ ಸುಣ್ಣದ ಪುಡಿಯ ಮೇಲೆ ಹೆಜ್ಜೆ ಇಟ್ಟು ಒಳಗೆ ಕಾಲಿಡಬೇಕು. ತಲೆಗೆ ಘಮ್ಮೆನ್ನುವ ಎಣ್ಣೆ ಹಚ್ಚಿದವರಿಗೆ, ಬೀಡಿ ಸೇದಿ ಬಂದವರಿಗೆ ಪ್ರವೇಶವಿಲ್ಲ. ಮೆಣಸಿನಕಾಯಿ ಒಗ್ಗರಣೆ ಹಾಕಬೇಕಾದರೆ ಅಮ್ಮ ಬಾಣಲೆ ಎತ್ತಿಕೊಂಡು ಹಿತ್ತಲಿನ ಒಲೆಗೆ ಹೋಗುತ್ತಿದ್ದಳು. ಮನೆಗೆ ಬಂದ ನೆಂಟರು ಜಗಲಿಯ ಮೇಲೆ ಕೂತು, ಅಲ್ಲೇ ಉಂಡು, ಅಲ್ಲಿಂದಲೇ ಹೊರಡುತ್ತಿದ್ದರು. ಅದರಿಂದ ಯಾರಿಗೂ ಬೇಜಾರಾಗುತ್ತಿರಲಿಲ್ಲ, ಅವರ ಮನೆಯಲ್ಲೂ ಅದೇ ಕಾನೂನು.

ಅಪ್ಪ ಈ ಕಾನೂನುಗಳ ಕಾವಲುಗಾರ. ಹುಳುಮನೆಯ ಬಾಗಿಲ ಪಕ್ಕದಲ್ಲಿ ಒಂದು ಸ್ಲೇಟು ತೂಗುಹಾಕಿದ್ದರು. ಅದರ ಮೇಲೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತು: ಬೆಳಿಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಒಂಬತ್ತು. ಹೊತ್ತಿಗೆ ಸರಿಯಾಗಿ ಹಿತ್ತಾಳೆಯ ತಟ್ಟೆಯನ್ನು ಎರಡು ಸಲ ಬಡಿಯುತ್ತಿದ್ದರು. ಆ ಸದ್ದಿಗೆ ನಾನು ಲೆಕ್ಕ ಬಿಡಿಸುತ್ತಿದ್ದರೂ ಏಳಬೇಕು, ಅಮ್ಮ ಮುದ್ದೆ ತಿರುವುತ್ತಿದ್ದರೂ ಕೋಲು ಬಿಟ್ಟು ಬರಬೇಕು. ಮುಂದೆ ಆಸ್ಪತ್ರೆಯಲ್ಲಿ ನರ್ಸಾಗಿ ಕೆಲಸಕ್ಕೆ ಸೇರಿದಾಗ ಜೊತೆಯವರೆಲ್ಲ ಪಾಳಿ, ಗಂಟೆ, ಔಷಧಿಯ ಹೊತ್ತು ಎಂದು ಒದ್ದಾಡುತ್ತಿದ್ದರು. ನನಗೆ ಅದು ತವರುಮನೆ ಇದ್ದ ಹಾಗಿತ್ತು. ನಿವೃತ್ತಳಾಗಿ ಚಿಕ್ಕಬಳ್ಳಾಪುರದಲ್ಲಿ ನೆಲೆಸಿ ವರ್ಷಗಳಾದವು. ಇವತ್ತಿಗೂ ಹನ್ನೊಂದು ಗಂಟೆಗೆ ಕೈಯಲ್ಲಿ ಏನಿದ್ದರೂ ಕೆಳಗಿಟ್ಟು ಎದ್ದು ನಿಲ್ಲುತ್ತೇನೆ. ಯಾರಿಗೂ ಏನೂ ಹಾಕಬೇಕಿಲ್ಲ ಎಂದು ನೆನಪಾದ ಮೇಲೆ ಮತ್ತೆ ಕೂರುತ್ತೇನೆ.

ಈ ಗಡಿಯಾರದ ಬಾಳಿಗೆ ಒಂದೇ ಒಂದು ರಜೆ ಇತ್ತು. ರೇಷ್ಮೆಹುಳು ಮೊಟ್ಟೆಯಿಂದ ಬಂದು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ತಿನ್ನುವುದಿಲ್ಲ, ಅಲುಗುವುದಿಲ್ಲ. ತಲೆ ಎತ್ತಿಕೊಂಡು, ಏನೋ ನೆನಪಿಸಿಕೊಳ್ಳುತ್ತಿರುವವರ ಹಾಗೆ ನಿಂತುಬಿಡುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಸೊಪ್ಪು ಹಾಕುವ ಹಾಗಿಲ್ಲ, ತಟ್ಟೆ ಸರಿಸುವ ಹಾಗಿಲ್ಲ, ಬಾಗಿಲು ದಡಾರನೆ ಹಾಕುವ ಹಾಗಿಲ್ಲ. ಆಗ ಅಲುಗಿಸಿದರೆ ಪೊರೆ ಪೂರ್ತಿ ಬಿಡದೆ ಹುಳು ಸಾಯುತ್ತದೆ. ಮೊದಲ ಮೂರು ಜ್ವರ ಒಂದು ದಿನದ್ದು, ನಾಲ್ಕನೆಯದು ಒಂದೂವರೆ ದಿನ. ಊರಿನ ಬೇರೆ ಮನೆಗಳಲ್ಲಿ ಜ್ವರದ ದಿನ ಸಂತೆಗೆ ಹೋಗುತ್ತಿದ್ದರು, ಇಲ್ಲವೇ ಹೊದ್ದುಕೊಂಡು ಮಲಗುತ್ತಿದ್ದರು. ನಮ್ಮ ಮನೆಯಲ್ಲಿ ಯುದ್ಧದ ಪುಸ್ತಕ ಓದುತ್ತಿದ್ದೆವು.

ಅದು ಶುರುವಾದದ್ದು ಹೀಗೆ. ನಾನು ಏಳನೇ ತರಗತಿಗೆ ಬಂದಾಗ ಮೇಷ್ಟರ ಮಾತಿಗೆ ಅಪ್ಪ ಶಿಡ್ಲಘಟ್ಟದ ಲೈಬ್ರರಿಯಲ್ಲಿ ನನ್ನ ಹೆಸರಿಗೊಂದು ಟಿಕೆಟ್ ಮಾಡಿಸಿದರು. ನೀಲಿ ರಟ್ಟಿನ, ಅಂಗೈಯಷ್ಟು ಅಗಲದ ಚೀಟಿ. ಅದರ ಮೇಲೆ ನನ್ನ ಪೂರ್ತಿ ಹೆಸರು ಬರೆದಿತ್ತು. ಶಾಲೆಯ ಹಾಜರಿ ಪುಸ್ತಕ ಬಿಟ್ಟರೆ ಅದು ಇನ್ನೆಲ್ಲೂ ಬರೆದಿರಲಿಲ್ಲ. ಮೊದಲ ಪುಸ್ತಕವನ್ನು ಅಪ್ಪನೇ ಆರಿಸಿದರು. ಸೈನ್ಯಕ್ಕೆ ಊಟ ಬಟ್ಟೆ ಒದಗಿಸುತ್ತಿದ್ದ ಅಧಿಕಾರಿಯೊಬ್ಬರು ಬರೆದ ಅನುಭವಗಳು. ಅಪ್ಪನಿಗೆ ಅದು ಹಿಡಿಸಿದ್ದು ಯುದ್ಧದ ಪುಸ್ತಕವೆಂದಲ್ಲ. ಮೊದಲ ಪುಟದಲ್ಲೇ ಒಂದು ವೇಳಾಪಟ್ಟಿ ಇತ್ತು. ಜ್ವರದ ದಿನ ನಾನು ಗಟ್ಟಿಯಾಗಿ ಓದಿದೆ, ಮನೆಯವರೆಲ್ಲ ಕೇಳಿದರು. ಉಪ್ಪು ಎಷ್ಟು ಬೇಕು, ಬೇಳೆ ಯಾವ ಹಾದಿಯಲ್ಲಿ ಹೋಗಬೇಕು, ಹಿಮದಲ್ಲಿ ಬೂಟು ಒದ್ದೆಯಾದರೆ ಕಾಲಿಗೆ ಏನಾಗುತ್ತದೆ ಎಂದೆಲ್ಲ ಅದರಲ್ಲಿತ್ತು. ಅಪ್ಪ ತೊಡೆ ತಟ್ಟಿ, ನೋಡಿ, ಇದು ಪುಸ್ತಕ ಅಂದರೆ, ಎಂದರು. ಅವ್ವ ಮಾತ್ರ ಮುಖ ಸೊಟ್ಟ ಮಾಡಿಕೊಂಡಳು.

"ಇದರಲ್ಲಿ ಮನುಷ್ಯರು ಯಾವಾಗ ಬರ್ತಾರೆ?"

"ಇದ್ದಾರಲ್ಲವ್ವ. ಸಾವಿರಾರು ಜನ ಸಿಪಾಯಿಗಳು."

"ಸಾವಿರಾರು ಜನ ಇದ್ದಾರೆ ಕಣೋ, ಒಬ್ಬನೂ ಇಲ್ಲ. ಇಷ್ಟು ಜನ ಹೋದ್ರು ಅಂತ ಬರ್ದಿದ್ದಾನೆ. ಯಾರು ಹೋದ್ರು? ಅವರಮ್ಮ ಬಂದು ಕೇಳಿದ್ರೆ ಏನು ಹೇಳ್ತೀಯ, ಬೇಳೆ ಬಂದಿತ್ತು ಅಂತೀಯ?"

"ಕಥೆ ಬೇಕಾ ನಿಂಗೆ? ಕಥೆ ಅಂದ್ರೆ ಸುಳ್ಳು. ಯಾರೋ ಮೇಜಿನ ಮುಂದೆ ಕೂತು ಬರ್ದಿರ್ತಾನೆ."

"ಸುಳ್ಳಾದ್ರೂ ಒಬ್ಬನ ಹೆಸರು ಹೇಳ್ತಾನಲ್ಲ. ಅದು ಬೇಕು ನಂಗೆ."

ಈ ಜಗಳ ಹುಳುವಿನ ಎರಡು ಬೆಳೆ ಮುಗಿಯುವವರೆಗೆ ನಡೆದು ಕೊನೆಗೆ ಒಂದು ಒಪ್ಪಂದವಾಯಿತು. ಒಂದು ಮತ್ತು ಮೂರನೇ ಜ್ವರಕ್ಕೆ ನಿಜದ ಪುಸ್ತಕ, ಎರಡು ಮತ್ತು ನಾಲ್ಕನೇ ಜ್ವರಕ್ಕೆ ಕಥೆ. ನಾಲ್ಕನೆಯದು ದೊಡ್ಡದು ಎಂಬುದನ್ನು ಅವ್ವ ಮೊದಲೇ ಯೋಚಿಸಿದ್ದಳು; ಅಪ್ಪನಿಗೆ ಆಮೇಲೆ ಹೊಳೆಯಿತು. ಅದರ ಜೊತೆಗೆ ಅಪ್ಪ ಎರಡು ಕಟ್ಟಳೆ ಹಾಕಿದರು. ಮೊದಲನೆಯದು, ಎಲ್ಲರೂ ಕೂಡಿ ಓದುವ ಪುಸ್ತಕವನ್ನು ಯಾರೂ ಒಬ್ಬರೇ ಮುಂದಕ್ಕೆ ಓದಿಕೊಳ್ಳಬಾರದು, ಮುಂದಿನದನ್ನು ಯಾರಿಗೂ ಹೇಳಬಾರದು. ಎರಡನೆಯದು, ಲೈಬ್ರರಿಯ ಪುಸ್ತಕಕ್ಕೆ ಏನಾದರೂ ಆದರೆ ಟಿಕೆಟ್ ವಾಪಸ್. ಆ ನೀಲಿ ಚೀಟಿ ಹೋದರೆ ಓದುವುದೇ ಹೋಯಿತು ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಪಂಚಾಂಗ, ನನ್ನ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವೇ ಇರಲಿಲ್ಲ.

ನನ್ನ ಮನೆಗೆ ಈಗ ಬರುವವರು ಕಪಾಟು ನೋಡಿ ಹುಬ್ಬೇರಿಸುತ್ತಾರೆ. ಇಷ್ಟು ವಯಸ್ಸಾದ ಹೆಂಗಸು, ಜೀವಮಾನವೆಲ್ಲ ಗಾಯಕ್ಕೆ ಪಟ್ಟಿ ಕಟ್ಟಿದವಳು, ಬಿಡುವು ಸಿಕ್ಕರೆ ಯುದ್ಧವನ್ನೇ ಏಕೆ ಓದುತ್ತೀರಿ ಎಂದು ಕೇಳುತ್ತಾರೆ. ಯುದ್ಧದ ಪುಸ್ತಕವೆಂದರೆ ಗುಂಡು, ಬಾವುಟ, ಕೂಗಾಟ ಎಂದು ಅವರು ತಿಳಿದಿರುತ್ತಾರೆ. ಒಳ್ಳೆಯ ಪುಸ್ತಕಗಳಲ್ಲಿ ಅದು ಬಹಳ ಕಡಿಮೆ. ಹೆಚ್ಚಿನ ಪುಟಗಳಲ್ಲಿ ಜನ ಕಾಯುತ್ತಿರುತ್ತಾರೆ. ಚಹಾ ಕಾಯಿಸುತ್ತಾರೆ, ಕಾಲುಚೀಲ ಒಣಗಿಸುತ್ತಾರೆ, ಪಕ್ಕದವನ ಗೊರಕೆಗೆ ಬೈಯುತ್ತಾರೆ, ಮನೆಗೆ ಬರೆದ ಕಾಗದದಲ್ಲಿ ಚಳಿ ಇಲ್ಲವೆಂದು ಸುಳ್ಳು ಬರೆಯುತ್ತಾರೆ. ಬದುಕಿನಲ್ಲಿ ಯಾವುದು ಚಿಕ್ಕದೆಂದು ನಾವು ಬದಿಗೆ ತಳ್ಳಿರುತ್ತೇವೋ ಅದು ಅಲ್ಲಿ ದೊಡ್ಡದಾಗಿ ಕಾಣುತ್ತದೆ. ನಿಜದ ಪುಸ್ತಕ ಓದುವಾಗ ಬರೆದವರು ಎಲ್ಲಿ ತಡವರಿಸುತ್ತಾರೆ ಎಂದು ನೋಡುತ್ತೇನೆ. ಗುಡಾರದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ವೈದ್ಯರೊಬ್ಬರು ಪುಟಗಟ್ಟಲೆ ಸಲೀಸಾಗಿ ಬರೆದು, ಒಬ್ಬ ರೋಗಿಯ ವಿಷಯ ಬಂದಾಗ ಎರಡು ಸಾಲಿಗೆ ನಿಲ್ಲಿಸಿ ಹವಾಮಾನದ ಮಾತಿಗೆ ಹೊರಳುತ್ತಾರೆ. ಆ ಎರಡು ಸಾಲನ್ನು ನಾನು ಅದೆಷ್ಟು ಸಲ ಓದಿದ್ದೇನೋ. ನರ್ಸಾಗಬೇಕೆಂದು ನನಗೆ ಅನಿಸಿದ್ದೇ ಅಲ್ಲಿ. ಕಾದಂಬರಿಯಲ್ಲಿ ನಾನು ಹುಡುಕುವುದು ಬೇರೆ. ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಹೋಗುವ ಧೈರ್ಯ ಅದಕ್ಕಿದೆಯೇ ಎಂದು ನೋಡುತ್ತೇನೆ. ಈ ಎರಡು ಬಗೆಯ ರುಚಿಯನ್ನೂ ನನಗೆ ಹತ್ತಿಸಿದ್ದು ಮಲಗಿದ ಹುಳುಗಳ ಪಕ್ಕದ ಆ ಜಗಳವೇ.

ಈಗ ಹೇಸರಗತ್ತೆಯ ಕಾದಂಬರಿಗೆ ಬರುತ್ತೇನೆ. ಅದರ ಮೂಲ ರಟ್ಟು ಕಿತ್ತುಹೋಗಿ, ಲೈಬ್ರರಿಯವರು ಬೇರೆ ರಟ್ಟು ಹಾಕಿ ನಂಬರು ಬರೆದಿದ್ದರು. ಆದ್ದರಿಂದ ನಮಗೆ ಅದು ಹೇಸರಗತ್ತೆ ಪುಸ್ತಕ. ಬೆಟ್ಟದ ತುದಿಯ ಠಾಣೆಗೆ ಹೇಸರಗತ್ತೆಯ ಮೇಲೆ ಸಾಮಾನು ಸಾಗಿಸುವ ಒಬ್ಬ ಸಿಪಾಯಿಯ ಕಥೆ. ಅವನಿಗೊಂದು ಉತ್ತರದೇಶದ ಉದ್ದ ಹೆಸರಿತ್ತು. ಅವ್ವನ ನಾಲಿಗೆಗೆ ಅದು ಹೊರಳಲಿಲ್ಲ, ಚಿನ್ನಪ್ಪ ಎಂದು ಬದಲಾಯಿಸಿದಳು. ಒಂದು ವಾರದಲ್ಲಿ ಅಪ್ಪನೂ ಚಿನ್ನಪ್ಪ ಎನ್ನತೊಡಗಿದ್ದರು. ಚಿನ್ನಪ್ಪ ಕೆಟ್ಟ ಹಿಮದಲ್ಲಿ ಠಾಣೆಗೆ ಹತ್ತಿದ್ದಾನೆ, ಅಲ್ಲಿ ಗಾಯಗೊಂಡ ಒಬ್ಬ ಸುಬೇದಾರ ಇದ್ದಾನೆ, ಅವನನ್ನು ಕೆಳಗಿಳಿಸಬೇಕು. ಎರಡು ಬೆಳೆಯ ಜ್ವರಗಳಲ್ಲಿ ಇಷ್ಟು ಓದಿ ಮುಗಿಸಿದ್ದೆವು. ಲೈಬ್ರರಿಗೆ ಹೋಗಿ ಹೋಗಿ ತಾರೀಖು ಹಾಕಿಸಿಕೊಂಡು ಬರುತ್ತಿದ್ದೆ. ಉಳಿದದ್ದು ಕೊನೆಯ ಎರಡು ಅಧ್ಯಾಯ. ಅದಕ್ಕೆ ನಾಲ್ಕನೇ ಜ್ವರ ಗೊತ್ತಾಗಿತ್ತು.

ಅಷ್ಟು ದಿನ ತಡೆಯಲು ನನ್ನಿಂದ ಆಗಲಿಲ್ಲ. ಪುಸ್ತಕದ ಕೊನೆಯ ಎಂಟು ಹಾಳೆಗಳ ಹೊಲಿಗೆ ಬಿಟ್ಟು ಅವು ಸಡಿಲವಾಗಿದ್ದವು. ಹುಳು ಜ್ವರಕ್ಕೆ ಕೂರುವ ದಿನ ಮಧ್ಯಾಹ್ನ ಆ ಹಾಳೆಗಳನ್ನು ಮೆಲ್ಲಗೆ ಎಳೆದುಕೊಂಡು ಹಳೆಯ ಪೇಪರಿನ ರಾಶಿಯ ಹಿಂದೆ ಕೂತೆ. ಮೊದಲ ಸಾಲಿಗೆ ಕಣ್ಣಿಟ್ಟಿದ್ದೆನೋ ಇಲ್ಲವೋ, ಅಪ್ಪನ ಕೆಮ್ಮು ಕೇಳಿಸಿತು. ಹಾಳೆಗಳನ್ನು ರಾಶಿಯ ನಡುವೆ ತೂರಿಸಿ ಎದ್ದು ನಿಂತೆ. ಅಪ್ಪ ನನ್ನನ್ನು ಸೊಪ್ಪು ತರಲು ತೋಟಕ್ಕೆ ಕಳಿಸಿದರು. ತೋಟದಿಂದ ಬರುವಷ್ಟರಲ್ಲಿ ಅಮ್ಮ ತಟ್ಟೆಗಳ ಕಸ ತೆಗೆದು, ಹೊಸದಾಗಿ ಪೇಪರು ಹಾಸಿ, ಹುಳು ಬಿಟ್ಟು, ಕೊನೆಯ ಸೊಪ್ಪು ಹಾಕಿ ಮುಗಿಸಿದ್ದಳು. ಜ್ವರಕ್ಕೆ ಮೊದಲು ತಟ್ಟೆಗೆ ಹಳೆಯ ಪೇಪರು ಹಾಸುವುದು ನಮ್ಮ ಪದ್ಧತಿ. ರಾಶಿ ಇದ್ದ ಮೂಲೆ ಗುಡಿಸಿ ಚೊಕ್ಕಟವಾಗಿತ್ತು.

"ಅಮ್ಮ, ಇಲ್ಲಿದ್ದ ಪೇಪರ್ ಎಲ್ಲ?"

"ಹಾಸಿದ್ದಾಯ್ತಲ್ಲ. ಯಾಕೆ?"

"ಎಲ್ಲ ಹಾಸಿಬಿಟ್ಯಾ?"

"ನಲವತ್ತು ತಟ್ಟೆ ಕಣೇ, ಸಾಲಲಿಲ್ಲ ಬೇರೆ. ಬಾಯಿ ತೆಕ್ಕೊಂಡು ನಿಂತ್ಕೋಬೇಡ, ಸುಣ್ಣದ ಡಬ್ಬ ತಗೊಂಬಾ."

ನಾನೇ ಸುಣ್ಣದ ಪುಡಿ ತಂದುಕೊಟ್ಟೆ. ಅಮ್ಮ ಅದನ್ನು ತೆಳ್ಳಗೆ ಉದುರಿಸಿದಳು. ಸಂಜೆಯ ಹೊತ್ತಿಗೆ ಹುಳುಗಳು ಒಂದೊಂದಾಗಿ ತಲೆ ಎತ್ತಿ ನಿಂತವು. ನಲವತ್ತು ತಟ್ಟೆಗಳಲ್ಲಿ ಎಲ್ಲೋ ಒಂದು ಕಡೆ ಚಿನ್ನಪ್ಪ ಮಲಗಿದ್ದ.

ಮರುದಿನ ಬೆಳಿಗ್ಗೆ ನಮ್ಮ ಕೋಣೆಯಲ್ಲಿ ಚಾಪೆ ಹಾಸಿದೆವು. ಅವರೆಕಾಯಿಯ ಕಾಲ. ಹಿಂದಿನ ದಿನವೇ ನೆನೆಹಾಕಿದ್ದ ಕಾಳನ್ನು ಅಮ್ಮ ದೊಡ್ಡ ಬೋಗುಣಿಯಲ್ಲಿ ನಡುವೆ ಇಟ್ಟಳು. ಹಿತಕಿದಬೇಳೆ ಸಾರಿಗೆ ಎಲ್ಲರೂ ಹಿತುಕಬೇಕು, ನಾನೊಬ್ಬಳು ಓದಬೇಕು. ಅಷ್ಟರಲ್ಲಿ ಶಿಡ್ಲಘಟ್ಟದ ಖಲೀಲ್ ಸಾಬರು ಬಂದರು. ನೂಲು ತೆಗೆಯುವ ಘಟಕ ಇಟ್ಟುಕೊಂಡಿದ್ದವರು, ನಮ್ಮ ಗೂಡು ವರ್ಷಗಳಿಂದ ಅವರ ಕಡೆಗೇ ಹೋಗುತ್ತಿತ್ತು. ಕಥೆಯ ಜ್ವರಗಳಿಗೆ ತಪ್ಪದೆ ಬಂದು ಕೇಳುತ್ತಿದ್ದರು. ಯಾವಾಗಲೂ ಅತ್ತರು ಹಚ್ಚಿಕೊಂಡಿರುತ್ತಿದ್ದರಾದ್ದರಿಂದ ಜಗಲಿಯಲ್ಲೇ ಕೂತರು. ಬಾಗಿಲು ತೆರೆದಿಟ್ಟು, ಅವರ ಮುಂದೆಯೂ ಅಮ್ಮ ಒಂದು ಬಟ್ಟಲು ಅವರೆಕಾಳು ಇಟ್ಟಳು. ನಾನು ಓದತೊಡಗಿದೆ. ಅಷ್ಟು ನಿಧಾನವಾಗಿ ಜೀವನದಲ್ಲಿ ಎಂದೂ ಓದಿಲ್ಲ. ಹೊಲಿಗೆ ಗಟ್ಟಿಯಿದ್ದ ಕೊನೆಯ ಪುಟ ಬಂತು. ಚಿನ್ನಪ್ಪ ಸುಬೇದಾರನನ್ನು ಹೇಸರಗತ್ತೆಯ ಬೆನ್ನಿಗೆ ಕಟ್ಟಿ ಠಾಣೆಯ ಬಾಗಿಲು ದಾಟಿದ್ದಾನೆ. ಹಿಮ ನಿಂತಿದೆ. ಅವನು ತಲೆಯೆತ್ತಿ ಮೇಲಕ್ಕೆ ನೋಡಿದ, ಅಲ್ಲಿ. ಪುಟ ಅಷ್ಟಕ್ಕೆ ಮುಗಿದಿತ್ತು.

"ಅಲ್ಲಿ?" ಎಂದಳು ಅವ್ವ.

"ಅಲ್ಲಿ... ಅಷ್ಟೇ ಅವ್ವ."

"ಅಷ್ಟೇ ಅಂದ್ರೇನೇ? ಏನು ನೋಡ್ದ ಅವನು? ಚೆಪ್ಪವೇ, ಹೇಳೇ!"

ಅಪ್ಪ ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡರು. ಅದರ ಬೆನ್ನು ತಿರುವಿ ನೋಡಿದರು. ದಾರ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಉಳಿದ ಹಾಳೆ ಎಲ್ಲಿ?"

"ಹುಳದ ಕೆಳಗೆ."

ಬೋಗುಣಿಯಲ್ಲಿ ಆಡುತ್ತಿದ್ದ ಕೈಗಳು ನಿಂತವು. ನಾನು ಎಲ್ಲವನ್ನೂ ಹೇಳಿದೆ. ಒಬ್ಬಳೇ ಓದಲು ಹೋದದ್ದನ್ನೂ ಹೇಳಿದೆ. ಅಮ್ಮ ಹಣೆ ಚಚ್ಚಿಕೊಂಡಳು. ಅಪ್ಪ ಎದ್ದು ಹುಳುಮನೆಯ ಬಾಗಿಲವರೆಗೆ ಹೋದರು, ಸ್ಲೇಟಿನ ಮುಂದೆ ನಿಂತರು, ಒಳಗೆ ಕಾಲಿಡದೆ ವಾಪಸ್ ಬಂದರು. ಸೈನ್ಯವೇ ಬಂದರೂ ನಾಳೆ ಬೆಳಗಿನವರೆಗೆ ಆ ತಟ್ಟೆಗಳನ್ನು ಮುಟ್ಟುವ ಹಾಗಿರಲಿಲ್ಲ. ಮೊದಲು ನಕ್ಕದ್ದು ಜಗಲಿಯಲ್ಲಿದ್ದ ಖಲೀಲ್ ಸಾಬರು. ಆಮೇಲೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ನಗಲಿಲ್ಲ, ನನ್ನ ಕಡೆ ತಿರುಗಿದರು.

"ಸರೋಜಮ್ಮ, ನಾನು ಏನು ಹೇಳಿದ್ದೆ?"

"ಪುಸ್ತಕಕ್ಕೆ ಏನಾದ್ರೂ ಆದ್ರೆ ಟಿಕೆಟ್ ವಾಪಸ್ ಅಂತ."

"ಹಾಳೆ ಸರಿಯಾಗಿ ಬಂದ್ರೆ ಸರಿ. ಇಲ್ಲಾಂದ್ರೆ ಮಾತು ಮಾತೇ."

ಮತ್ತೆ ಎಲ್ಲರೂ ಕಾಳು ಹಿತುಕತೊಡಗಿದರು. ಆದರೆ ಮಾತಿಲ್ಲದೆ ಹಿತುಕುವುದು ಎಷ್ಟು ಹೊತ್ತು ಸಾಧ್ಯ? ಮೊದಲು ಅಮ್ಮ ಶುರುಮಾಡಿದಳು.

"ಅವನು ಬಂದೇ ಬರ್ತಾನೆ ಬಿಡ್ರಿ. ಹಳ್ಳೀಲಿ ಕಂಬಳಿ ಒಗೆದು ಒಣಹಾಕಿ ಹೋದ್ನಲ್ಲ, ಅದನ್ನ ಯಾರು ತೆಗೀಬೇಕು?"

"ಕಂಬಳಿ ಒಣಗ್ತಿದೆ ಅಂತ ಯಾರಾದ್ರೂ ಬದುಕ್ತಾರೇನೇ?" ಎಂದರು ಅಪ್ಪ. "ಆ ಎತ್ತರದಲ್ಲಿ ಒದ್ದೆ ಬೂಟು. ಆ ಅಧಿಕಾರಿ ಬರ್ದಿದ್ದಾರಲ್ಲ ಏನಾಗುತ್ತೆ ಅಂತ. ಚಿನ್ನಪ್ಪ ಬೂಟು ಬಿಚ್ಚಿ ಒಣಗಿಸಿದ ಅಂತ ಎಲ್ಲಾದ್ರೂ ಬಂತಾ? ಬರಲಿಲ್ಲ. ನಂಗೆ ಅದೇ ಭಯ."

"ಸುಳ್ಳು ಕಥೆ ಅಂತೀಯ, ಭಯ ಯಾಕಪ್ಪ ನಿಂಗೆ?" ಎಂದಳು ಅವ್ವ.

"ಸುಳ್ಳಾದ್ರೂ ಲೆಕ್ಕ ಸರಿ ಇರ್ಬೇಕಲ್ಲ."

ಜಗಲಿಯಿಂದ ಖಲೀಲ್ ಸಾಬರ ದನಿ ಬಂತು. "ಅರೆ, ನಾನು ಹೇಳ್ಲಾ ಅವ್ವ? ಮೇಲೆ ನೋಡ್ದ, ಅಲ್ಲಿ ಆ ಕಡೆಯವನೂ ಒಬ್ಬ ಹೇಸರಗತ್ತೆ ಹಿಡ್ಕೊಂಡು ನಿಂತಿದ್ದಾನೆ. ಇವನೂ ಸಾಮಾನು ಹೊರೋನು, ಅವನೂ ಸಾಮಾನು ಹೊರೋನು. ಬಂದೂಕು ಇಬ್ಬರ ಹತ್ರಾನೂ ಇಲ್ಲ. ಚಾಯ್ ಕುಡೀತಾರೆ, ಹೋಗ್ತಾರೆ. ಖತಂ."

"ಸಕ್ಕರೆ ಯಾರು ತಂದಿದ್ರು ಸಾಬ್ರೇ?" ಎಂದು ಅಮ್ಮ ಕೇಳಿದಳು.

"ಅವನೇ ತಂದಿದ್ದ. ನಮ್ಮವನ ಸಕ್ಕರೆ ಆ ಸುಬೇದಾರನೇ ತಿಂದು ಮುಗಿಸಿದ್ನಲ್ಲ ಅಮ್ಮ!"

ಅವ್ವ ಎಲ್ಲರ ಮಾತನ್ನೂ ಕೈಯಾಡಿಸಿ ತಳ್ಳಿದಳು. "ಹೇಸರಗತ್ತೆ ಬಿಟ್ಟು ಅವನು ಬರಲ್ಲ. ಅಷ್ಟು ನಂಗೆ ಗೊತ್ತು. ಉಳಿದಿದ್ದು ಆ ದೇವುಡಿಗೆ ಗೊತ್ತು."

ಆಮೇಲೆ ನಡೆದದ್ದನ್ನು ಈಗ ನೆನೆದರೂ ನಗು ಬರುತ್ತದೆ. ಅಪ್ಪ ಅವರೆಕಾಳಿನ ಸಿಪ್ಪೆಯನ್ನು ನೆಲದ ಮೇಲೆ ಗುಡ್ಡೆ ಮಾಡಿ ಬೆಟ್ಟ ಕಟ್ಟಿದರು. ಒಂದು ಕಾಳು ಠಾಣೆ, ಒಂದು ಕಾಳು ಹಳ್ಳಿ, ಪೊರಕೆಯ ಕಡ್ಡಿಯಿಂದ ಹಾದಿ ಎಳೆದರು. ಮೊಣಕಾಲೂರಿ ಕೂತು, ಈ ತಿರುವಿನಲ್ಲಿ ಗಾಳಿ ಹೀಗೆ ಬರುತ್ತದೆ, ಇಲ್ಲಿ ಹೇಸರಗತ್ತೆ ಜಾರುತ್ತದೆ, ಬುದ್ಧಿ ಇದ್ದರೆ ಚಿನ್ನಪ್ಪ ಈ ಕಡೆಯಿಂದ ಸುತ್ತಿ ಬರಬೇಕು ಎಂದು ವಿವರಿಸಿದರು. ನನ್ನ ಮೇಲಿನ ಸಿಟ್ಟು ಅವರಿಗೆ ಮರೆತೇಹೋಗಿತ್ತು. ನಿಜದ ಪುಸ್ತಕಗಳಿಂದ ಕಲಿತದ್ದನ್ನೆಲ್ಲ ಸುಳ್ಳಿನ ಮನುಷ್ಯನೊಬ್ಬನನ್ನು ಬದುಕಿಸಲು ಬಳಸುತ್ತಿದ್ದರು. ಖಲೀಲ್ ಸಾಬರು ಹೊಸಿಲಿನವರೆಗೆ ಜರುಗಿ, ಕತ್ತು ಚಾಚಿ, ಆ ತಿರುವಿನಲ್ಲಿ ಒಂದು ಬಂಡೆ ಇದೆಯಲ್ಲ, ಮೂರನೇ ಅಧ್ಯಾಯದಲ್ಲಿ ಬಂದಿತ್ತು ಎಂದು ತಿದ್ದಿದರು. ಅವ್ವ ಒಂದು ಕಾಳನ್ನು ಬಂಡೆಯಾಗಿ ಇಟ್ಟಳು. ಆ ಮಧ್ಯಾಹ್ನದ ಹಿತಕಿದಬೇಳೆ ಸಾರಿಗೆ ಬೇಳೆ ಸ್ವಲ್ಪ ಕಡಿಮೆಯಾಗಿತ್ತು.

ಮರುದಿನ ಬೆಳಿಗ್ಗೆ ಹುಳುಗಳು ಹೊಸ ತಲೆ, ಸಡಿಲ ಚರ್ಮದೊಂದಿಗೆ ಎದ್ದವು. ಮೊದಲ ಸೊಪ್ಪು ಹಾಕಿ, ಅವು ಎಲೆಗೆ ಹತ್ತಿದ ಮೇಲೆ ಒಂದೊಂದೇ ತಟ್ಟೆಯ ಹುಳುಗಳನ್ನು ಎಲೆಯ ಸಮೇತ ಬೇರೆ ತಟ್ಟೆಗೆ ಎತ್ತಿದೆವು. ಯಾವ ಬೆಳೆಯಲ್ಲೂ ನಮ್ಮ ಮನೆಯವರು ಇಷ್ಟು ಆಸೆಯಿಂದ ಕಸ ತೆಗೆದಿರಲಿಲ್ಲ. ಹದಿನೇಳನೇ ತಟ್ಟೆಯಲ್ಲಿ ಮೂರು ಹಾಳೆ ಸಿಕ್ಕಿದವು. ಇಪ್ಪತ್ತೆರಡರಲ್ಲಿ ನಾಲ್ಕು. ಸುಣ್ಣದ ಪುಡಿ ತೇವವನ್ನೆಲ್ಲ ಹೀರಿಕೊಂಡಿತ್ತು. ಎಲೆಯ ಕಲೆ ಬಿಟ್ಟರೆ ಹಾಳೆ ಹಪ್ಪಳದ ಹಾಗೆ ಗರಿಗರಿ. ಎಂಟನೆಯದು ಮೂವತ್ತೊಂದನೇ ತಟ್ಟೆಯ ಮೂಲೆಯಲ್ಲಿತ್ತು. ಅರ್ಧ ಮಾತ್ರ. ತಟ್ಟೆಯ ಮೂಲೆಗೆ ಅಷ್ಟೇ ಸಾಕಾಗಿತ್ತೆಂದು ಅಮ್ಮ ಹರಿದಿದ್ದಳು. ಉಳಿದರ್ಧ ಬಚ್ಚಲ ಒಲೆಗೆ ಹೋಗಿತ್ತು.

ಅಲ್ಲೇ, ತಟ್ಟೆಗಳ ನಡುವೆ ನಿಂತುಕೊಂಡೇ ಅಪ್ಪ ಓದು ಎಂದರು. ಓದಿದೆ. ಮೇಲೆ ನೋಡಿದವನಿಗೆ ಕಂಡದ್ದು ಬರೀ ನಕ್ಷತ್ರಗಳು; ಖಲೀಲ್ ಸಾಬರಿಗೆ ಇದನ್ನು ಯಾರು ಹೇಳುವುದೆಂದು ಅಮ್ಮ ಚಿಂತಿಸಿದಳು. ಮಂಜು, ಇಳಿಜಾರು, ಬಂಡೆಯ ತಿರುವು. ತಿರುವಿನಲ್ಲಿ ಅವನು ಕಾಣೆಯಾದ. ಬೆಳಗಾದಾಗ ಹಳ್ಳಿಯ ಜನ ಹಾದಿಯ ತುದಿಗೆ ಬಂದು ನಿಂತರು. ಮಂಜಿನಲ್ಲಿ ಮೊದಲು ಕಂಡದ್ದು. ಅಲ್ಲಿಗೆ ಹಾಳೆ ಹರಿದಿತ್ತು.

"ಅಯ್ಯೋ ನಿನ್ನ!" ಎಂದಳು ಅವ್ವ ಅಮ್ಮನಿಗೆ. "ಬಚ್ಚಲಿಗೆ ಹಾಕೋಕೆ ನಿಂಗೆ ಬೇರೆ ಕಾಗದ ಸಿಗಲಿಲ್ವಾ?"

ಮಾರನೆಯ ದಿನ ಹನ್ನೊಂದರ ಸೊಪ್ಪು ಮುಗಿಸಿ ಅಪ್ಪ ನನ್ನನ್ನು ಶಿಡ್ಲಘಟ್ಟದ ಬಸ್ಸಿಗೆ ಹತ್ತಿಸಿದರು. ಪುಸ್ತಕ ಅವರ ಕಂಕುಳಲ್ಲಿ, ನೀಲಿ ಟಿಕೆಟ್ ಅವರ ಅಂಗಿಯ ಜೇಬಿನಲ್ಲಿ. ಲೈಬ್ರರಿಯನ್ ತೆಳ್ಳಗಿನ, ಮೃದು ಮಾತಿನ ಮನುಷ್ಯರು. ನಡೆದದ್ದನ್ನು ನಾನೇ ಹೇಳಬೇಕೆಂದು ಅಪ್ಪ ಆಜ್ಞೆ ಮಾಡಿದ್ದರು, ಹೇಳಿದೆ. ಅವರು ಹಾಳೆಗಳನ್ನು ಮೂಗಿನ ಹತ್ತಿರ ಹಿಡಿದು, ಇದೇನು ಸುಣ್ಣವಾ, ಎಂದು ಕೇಳಿದರು. ಒಳಗೆ ಹೋಗಿ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದರು. ಹರಿದ ಭಾಗವನ್ನು ನಕಲು ಮಾಡಿ ಅಂಟಿಸಿಕೊಟ್ಟರೆ ಸಾಕೆಂದರು. ಕಿಟಕಿಯ ಬಳಿಯ ಮೇಜಿನಲ್ಲಿ ಕೂತು ಬರೆಯತೊಡಗಿದೆ. ಅಪ್ಪ ನನ್ನ ಬೆನ್ನ ಹಿಂದೆ ನಿಂತರು. ಅವರಿಗೆ ಕನ್ನಡಕವಿರಲಿಲ್ಲ. ಅಚ್ಚಿನ ಅಕ್ಷರ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ, ನನ್ನ ಅಕ್ಷರ ಕಾಣುತ್ತಿತ್ತು. ಅಕ್ಷರ ಗುಂಡಗಿಲ್ಲವೆಂದು ನನ್ನ ಕಾಪಿಪುಸ್ತಕವನ್ನು ಎಷ್ಟೋ ಸಲ ವಾಪಸ್ ಎಸೆದವರು ಈಗ ಬಗ್ಗಿ ಪಿಸುಗುಟ್ಟಿದರು.

"ಬೇಗ ಬರಿಯಮ್ಮ. ಚೆಂದ ಆಮೇಲೆ ಮಾಡಬಹುದು."

ಮೊದಲು ಕಂಡದ್ದು ಹೇಸರಗತ್ತೆಯ ಕಿವಿಗಳು. ಆಮೇಲೆ ಅದರ ಬೆನ್ನಿಗೆ ಒರಗಿದ ಸುಬೇದಾರ. ಮತ್ತೆ ಯಾರೂ ಇಲ್ಲ. ಅಪ್ಪ ನನ್ನ ಹೆಗಲ ಮೇಲೆ ಇನ್ನೂ ಬಗ್ಗಿದರು. ಹೇಸರಗತ್ತೆ ಹತ್ತಿರ ಬಂದ ಮೇಲೆ ಜನರಿಗೆ ಕಾಣಿಸಿತು: ಅದರ ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡೇ ನಡೆದು ಬರುತ್ತಿದ್ದ ಚಿನ್ನಪ್ಪ. ಅವನ ಕಾಲಲ್ಲಿ ಬೂಟು ಇರಲಿಲ್ಲ. ಗೋಣಿಚೀಲ ಸುತ್ತಿಕೊಂಡಿದ್ದ.

"ಬಿಚ್ಚಿದ್ದಾನೆ!" ಎಂದರು ಅಪ್ಪ. ಲೈಬ್ರರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಬೂಟು ಬಿಚ್ಚಿದ್ದಾನೆ ಸಾರ್! ನಾನು ಹೇಳಿದ್ದೆ!"

ಅಂಟು ಒಣಗಿದ ಮೇಲೆ ಲೈಬ್ರರಿಯನ್ ಪುಸ್ತಕವನ್ನು ತಟ್ಟಿ, ಚೆನ್ನಾಗಿದೆ ಎಂದರು. ಎಲ್ಲ ಮುಗಿಯಿತೆಂದು ನಾನು ಅಂದುಕೊಂಡೆ. ಆಗ ಅಪ್ಪ ಜೇಬಿನಿಂದ ನೀಲಿ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ರದ್ದು ಮಾಡಿ ಸಾರ್."

"ಯಾಕೆ ಸ್ವಾಮಿ? ಮಗು ಸರಿಮಾಡಿ ಕೊಟ್ಟಿದ್ದಾಳಲ್ಲ."

"ಹಾಳೆ ಸರಿಯಾಗಿ ಬರಲಿಲ್ಲ. ನಮ್ಮನೇಲಿ ಮಾತು ಮಾತೇ."

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ. ಅಪ್ಪನ ಮೇಲೆ ಸಿಟ್ಟಿರಲಿಲ್ಲ, ಅದು ಇನ್ನೂ ಕಷ್ಟ. ಮಾತು ಕೊಟ್ಟವಳು ನಾನೇ. ಮುಂದಿನ ಜ್ವರದ ದಿನ ಬೋಗುಣಿಯ ಸುತ್ತ ಎಲ್ಲರೂ ಕೂತು ಮಳೆ, ಬೆಲೆ ಎಂದು ಮಾತಾಡುವುದನ್ನು ಊಹಿಸಿಕೊಂಡೆ. ಅಪ್ಪ ಮಾತ್ರ ದಾರಿಯುದ್ದಕ್ಕೂ ಗೋಣಿಚೀಲದ ವಿಷಯ ಯೋಚಿಸುತ್ತಿದ್ದರು. ಎರಡು ಸಲ, ಪರವಾಗಿಲ್ಲ ಕಣಮ್ಮ ಅವನು, ಎಂದರು. ಊರು ಹತ್ತಿರವಾದಾಗ ಬೆರಳೆತ್ತಿ ಎಚ್ಚರಿಸಿದರು.

"ಅವ್ವನಿಗೆ ಈಗಲೇ ಹೇಳ್ಬೇಡ. ಸೊಪ್ಪು ಹಾಕಿ, ಎಲ್ಲರೂ ಕೂತ ಮೇಲೆ ನೀನು ಬಾಯಲ್ಲಿ ಹೇಳು. ಮುಂದಾಗಿ ಹೇಳೋ ಹಾಗಿಲ್ಲ."

ನಾನು ತಲೆಯಾಡಿಸಿದೆ. ಬಸ್ಸು ನಿಂತಿತು. ಅವ್ವ ಜಗಲಿಯ ಕಂಬ ಹಿಡಿದು ನಿಂತಿದ್ದಳು, ನಾವು ಹೊರಟಾಗಿನಿಂದಲೇ ನಿಂತಿದ್ದಳಂತೆ. ಅವಳು ಕಂಡದ್ದೇ ತಡ, ಅಪ್ಪ ಬೀದಿಯ ಆ ತುದಿಯಿಂದಲೇ ಕೈ ಮೇಲೆತ್ತಿ ಕೂಗಿದರು.

"ಅವ್ವಾ! ಬಂದ ಕಣವ್ವಾ! ಬಾಲ ಹಿಡ್ಕೊಂಡು ಬಂದ!"

ಅಕ್ಕಪಕ್ಕದ ಮನೆಯವರು ಹೊರಬಂದು ಯಾರು ಬಂದರೆಂದು ಬೀದಿ ನೋಡಿದರು. ಅವ್ವ ಎರಡೂ ಕೈ ಜೋಡಿಸಿದಳು. ಅವಳ ಮುಖದಲ್ಲಿ ಆ ಕ್ಷಣ ಇದ್ದ ಬೆಳಕನ್ನು ನಾನು ಎಷ್ಟೋ ವರ್ಷಗಳ ನಂತರ, ರೋಗಿ ಉಳಿದನೆಂದು ಹೊರಗೆ ಹೋಗಿ ಹೇಳಿದಾಗಲೆಲ್ಲ ತಾಯಂದಿರ ಮುಖದಲ್ಲಿ ನೋಡಿದ್ದೇನೆ. ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಅವಳಿಗೆ ಏನೋ ಹೊಳೆಯಿತು.

"ಏನೋ ನಂಜುಂಡ, ಎಲ್ಲರೂ ಕೂತ್ಕೊಂಡು ಕೇಳೋಕೆ ಮುಂಚೆ ಹೇಳೋ ಹಾಗಿಲ್ಲ ಅಂದಿದ್ದೋನು ಯಾರೋ?"

ಅಪ್ಪ ಮೇಲೆತ್ತಿದ್ದ ಕೈ ಇಳಿಸಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಮುಖ ತಿರುಗಿಸಿ ನಕ್ಕಳು.

"ಮಗು ಟಿಕೆಟ್ ಏನಾಯ್ತು?"

"ಕೊಟ್ಟುಬಂದೆ."

"ಕೊಟ್ಟೆಯಾ? ಸರಿ, ಅವಳು ತಪ್ಪು ಮಾಡಿದ್ಲು, ಕೊಟ್ಟೆ. ಹೊಸ ಟಿಕೆಟ್ ನಿನ್ನ ಹೆಸರಲ್ಲಿ ಮಾಡಿಸೋ ಹಾಗಿಲ್ಲ, ಈಗ ನೀನೂ ಅದೇ ತಪ್ಪು ಮಾಡ್ದೆ. ನಿನ್ನ ಹೆಂಡತಿ ಹೆಸರಲ್ಲಿ ಬೇಡ, ಅವಳು ಹರಿದು ಒಲೆಗೆ ಹಾಕ್ತಾಳೆ. ನನ್ನ ಹೆಸರಲ್ಲಿ ಮಾಡ್ಸು."

"ನಿಂಗೆ ಓದೋಕೆ ಬರಲ್ವಲ್ಲವ್ವ!"

"ಅದಕ್ಕೇ ಹೇಳಿದ್ದು. ಈ ಮನೇಲಿ ಕದ್ದು ಮುಂದಕ್ಕೆ ಓದ್ದೆ ಇರೋಳು ನಾನೊಬ್ಬಳೇ."

ಹುಳು ಹಣ್ಣಾಗಿ ಚಂದ್ರಿಕೆ ಎಂಬ ಬಿದಿರಿನ ಚೌಕಟ್ಟಿಗೆ ಬಿಟ್ಟ ಮೇಲೆ, ಅವು ಗೂಡು ಕಟ್ಟುತ್ತಿದ್ದ ದಿನ, ಅವ್ವ ಮದುವೆಗೆ ಉಡುವ ಸೀರೆ ಉಟ್ಟು ನಮ್ಮ ಜೊತೆ ಶಿಡ್ಲಘಟ್ಟಕ್ಕೆ ಬಂದಳು. ಲೈಬ್ರರಿಯನ್ ಎದ್ದು ನಿಂತು ಕುರ್ಚಿ ಕೊಟ್ಟರು. ಹೊಸ ನೀಲಿ ಚೀಟಿಯಲ್ಲಿ ಅವಳ ಪೂರ್ತಿ ಹೆಸರು ಬರೆದು ಸಹಿಯ ಜಾಗದಲ್ಲಿ ಅವಳ ಹೆಬ್ಬೆರಳನ್ನು ಒತ್ತಿಸಿಕೊಂಡರು. ಮುಂದೆ ನಾನು ನರ್ಸಿಂಗ್ ಶಾಲೆಗೆ ಹೊರಡುವವರೆಗೂ ನಮ್ಮ ಮನೆಗೆ ಬಂದ ಪುಸ್ತಕಗಳೆಲ್ಲ ಆ ಹೆಬ್ಬೆಟ್ಟಿನ ಮೇಲೆಯೇ ಬಂದವು. ಅವ್ವ ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸದೆ, ಒಣಗಲೆಂದು ಮೇಲೆ ಹಿಡಿದುಕೊಂಡು ಕಪಾಟುಗಳನ್ನು ನೋಡಿದಳು.

"ಯಾವ ಥರ ಪುಸ್ತಕ ಕೊಡಲಿ ಅಜ್ಜಿ? ದೇವರದ್ದಾ?" ಎಂದರು ಲೈಬ್ರರಿಯನ್.

"ಯುದ್ಧದ್ದು ಕೊಡಪ್ಪ," ಎಂದಳು ಅವ್ವ. "ನನ್ನ ಮಗನಿಗೊಂದು ನಿಜದ್ದು. ನಂಗೊಂದು ಸುಳ್ಳಿಂದು."